ಕಾಲುಸಂಕದ ಆಚೆ ಶಾಲೆ: ವಿಲೀನದ ಗೊಂದಲ ಮತ್ತು ಮಕ್ಕಳ ಕಲಿಕೆಯ ಹೊತ್ತು

ಉತ್ತರ ಕನ್ನಡದ ಪಾಲಕರ ಕಿವಿಗೆ ಎರಡು ಸುದ್ದಿ ಒಟ್ಟಿಗೇ ಬೀಳುತ್ತಿವೆ. ಒಂದು, ಎಸ್‌ಎಸ್‌ಎಲ್‌ಸಿ ಫಲಿತಾಂಶದ್ದು. 2025ರ ಮೊದಲ ಪರೀಕ್ಷೆಯಲ್ಲಿ ಶೇ 83.19 ಫಲಿತಾಂಶ ಪಡೆದು ಜಿಲ್ಲೆ ರಾಜ್ಯಕ್ಕೆ ಮೂರನೇ ಸ್ಥಾನದಲ್ಲಿ ನಿಂತಿತು. ಇನ್ನೊಂದು, ಮಕ್ಕಳು ಕಡಿಮೆ ಇರುವ ಸರ್ಕಾರಿ ಶಾಲೆಗಳನ್ನು ದೊಡ್ಡ ಕರ್ನಾಟಕ ಪಬ್ಲಿಕ್ ಶಾಲೆಗಳ ಜೊತೆ ಸೇರಿಸುತ್ತಾರೆ ಎಂಬ ಮಾತು. ಮೊದಲನೆಯದನ್ನು ಕೇಳಿದರೆ ಇಲ್ಲಿನ ಶಾಲೆಗಳು ಚೆನ್ನಾಗಿಯೇ ನಡೆಯುತ್ತಿವೆ ಅನಿಸುತ್ತದೆ. ಎರಡನೆಯದನ್ನು ಕೇಳಿದರೆ ಈಗಿರುವ ಹಾಗೆ ಬಿಟ್ಟರೆ ಆಗುವುದಿಲ್ಲ ಅನಿಸುತ್ತದೆ. ಹಾಗಾದರೆ ಯಾವುದನ್ನು ನಂಬಬೇಕು?

ವಿಲೀನ ಬೇಕು ಎನ್ನುವವರೂ ಬೇಡ ಎನ್ನುವವರೂ ಬಳಸುವ ಮಾತು ಒಂದೇ: ಮಕ್ಕಳಿಗೆ ಒಳ್ಳೆಯ ಕಲಿಕೆಯ ವಾತಾವರಣ ಬೇಕು. ಆದರೆ ವಾತಾವರಣ ಅಂದರೆ ಏನು ಎಂಬಲ್ಲಿ ದಾರಿ ಬೇರೆಯಾಗುತ್ತದೆ. ಒಬ್ಬರ ಕಣ್ಣಿಗೆ ಕಟ್ಟಡ, ಲ್ಯಾಬ್, ಕಂಪ್ಯೂಟರ್ ಕಾಣುತ್ತದೆ. ಇನ್ನೊಬ್ಬರ ಕಣ್ಣಿಗೆ ಮನೆಯ ಹತ್ತಿರದ ಅಂಗಳ ಕಾಣುತ್ತದೆ. ಈ ಜಿಲ್ಲೆಯ ಮಟ್ಟಿಗೆ ಇವೆರಡಕ್ಕಿಂತ ಸರಿಯಾದ ಅಳತೆ ಇನ್ನೊಂದಿದೆ. ಒಂದು ಮಗುವಿಗೆ ದಿನಕ್ಕೆ, ವರ್ಷಕ್ಕೆ ನಿಜವಾಗಿ ಕಲಿಯಲು ಸಿಗುವ ಹೊತ್ತು ಎಷ್ಟು ಎಂಬುದೇ ಆ ಅಳತೆ. ಶಿಕ್ಷಕರ ಕೊರತೆ, ಮಳೆ, ಬಸ್ಸು, ಮನೆಮಾತು, ಮನೆಯ ಆದಾಯ ಎಲ್ಲವೂ ಕೊನೆಗೆ ಈ ಹೊತ್ತನ್ನೇ ಹೆಚ್ಚು ಕಡಿಮೆ ಮಾಡುತ್ತವೆ. ಅಂಕ ಅದರ ನಂತರದ ಮಾತು.

ಮೂರನೇ ಸ್ಥಾನ ಯಾರದ್ದು?

ಮೊದಲು ಈ ಮೂರನೇ ಸ್ಥಾನವನ್ನು ಸ್ವಲ್ಪ ಬಿಡಿಸಿ ನೋಡೋಣ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಉತ್ತರ ಕನ್ನಡ ಒಂದು ಜಿಲ್ಲೆ ಅಲ್ಲ, ಎರಡು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಸೇರಿದ ಕರಾವಳಿ ಭಾಗ ‘ಉತ್ತರ ಕನ್ನಡ’ ಶೈಕ್ಷಣಿಕ ಜಿಲ್ಲೆ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ದಾಂಡೇಲಿ, ಜೋಯಿಡಾ ಸೇರಿ ‘ಶಿರಸಿ’ ಶೈಕ್ಷಣಿಕ ಜಿಲ್ಲೆ. ಮೂರನೇ ಸ್ಥಾನ ಬಂದಿದ್ದು ಕರಾವಳಿಯ ಐದು ತಾಲ್ಲೂಕಿಗೆ. ಶಿರಸಿಗೆ ಬೇರೆ ಸ್ಥಾನ ಇದೆ. ಅದೂ ಮೊದಲ ಹತ್ತರೊಳಗೇ ಇತ್ತು, ಸಂತೋಷ. ಆದರೆ ಆ ಸರಾಸರಿಯೊಳಗೆ ಶಿರಸಿ ಪೇಟೆಯ ಹೈಸ್ಕೂಲೂ ಇದೆ, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನ ಜೋಯಿಡಾದ ಶಾಲೆಯೂ ಇದೆ. ಎರಡನ್ನೂ ಕೂಡಿಸಿ ಭಾಗಿಸಿದಾಗ ಜೋಯಿಡಾದ ಮಗು ಕಾಣುವುದೇ ಇಲ್ಲ.

ಇನ್ನೊಂದು ವಿಷಯ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಹೇಳುವುದು ಹತ್ತನೇ ತರಗತಿವರೆಗೆ ಬಂದು, ಪರೀಕ್ಷೆಗೆ ಕುಳಿತವರ ಕಥೆ. ಏಳರಲ್ಲೋ ಎಂಟರಲ್ಲೋ ಶಾಲೆ ಬಿಟ್ಟವರು ಈ ಶೇಕಡಾವಾರಿನೊಳಗೆ ಬರುವುದಿಲ್ಲ. ವಿಲೀನದ ಚರ್ಚೆ ಇರುವುದೋ ಬಹುಪಾಲು ಒಂದರಿಂದ ಏಳನೇ ತರಗತಿಯ ಶಾಲೆಗಳ ಬಗ್ಗೆ. ಹಾಗಾಗಿ ‘ನಾವು ಮೂರನೇ ಸ್ಥಾನದಲ್ಲಿದ್ದೇವೆ, ಏನೂ ಬದಲಾಯಿಸಬೇಡಿ’ ಎಂದು ಹೇಳಲು ಈ ಅಂಕಿ ಸಾಲದು. ‘ಸಣ್ಣ ಶಾಲೆಯಲ್ಲಿ ಕಲಿಕೆ ಆಗುವುದಿಲ್ಲ’ ಎನ್ನುವ ಮಾತಿಗೂ ಇದರಲ್ಲಿ ಆಧಾರ ಇಲ್ಲ.

ಫಲಿತಾಂಶ ಕುಸಿಯಿತು ಅಂದರೆ ಕಲಿಕೆ ಕುಸಿಯಿತೇ?

ಇಲ್ಲೊಂದು ಗೊಂದಲ ಬಹಳ ಜನರಿಗಿದೆ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ 73.40ಕ್ಕೆ ಇಳಿಯಿತು. 2025ರ ಮೊದಲ ಪರೀಕ್ಷೆಯಲ್ಲಿ 66.14. ಎರಡೇ ವರ್ಷದಲ್ಲಿ ಮಕ್ಕಳು ಇಷ್ಟು ಹಿಂದೆ ಬಿದ್ದರೇ? ಹಾಗೇನೂ ಅಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ಮೂಲಕ ನೇರ ನಿಗಾ ಬಂತು, ನಕಲು ಕಡಿಮೆಯಾಯಿತು. ಆ ವರ್ಷ ಕೃಪಾಂಕದ ಮಿತಿಯನ್ನು ಶೇ 10ರಿಂದ 20ಕ್ಕೆ ಏರಿಸಿದ್ದರಿಂದ ಫಲಿತಾಂಶ 73ರಲ್ಲಿ ನಿಂತಿತು. ಮರುವರ್ಷ ಆ ಹೆಚ್ಚುವರಿ ಕೃಪಾಂಕ ಹೋಯಿತು, ಫಲಿತಾಂಶ ಇನ್ನೂ ಇಳಿಯಿತು. ಆಮೇಲೆ ಪಾಸಾಗಲು ಬೇಕಾದ ಅಂಕವನ್ನೇ ಸರ್ಕಾರ ಶೇ 35ರಿಂದ 33ಕ್ಕೆ ತಂದಿತು. ಅಂದರೆ 625ಕ್ಕೆ 206 ಅಂಕ. ಅಳೆಯುವ ಕೋಲು ವರ್ಷ ವರ್ಷ ಬದಲಾದರೆ ಬಟ್ಟೆ ಉದ್ದ ಆಯಿತೋ ಗಿಡ್ಡ ಆಯಿತೋ ಹೇಳುವುದು ಕಷ್ಟ.

ಆದರೆ ಒಂದೇ ವರ್ಷದಲ್ಲಿ ಜಿಲ್ಲೆ ಜಿಲ್ಲೆಗಳ ನಡುವೆ ಕಾಣುವ ಅಂತರ ಬೇರೆ ಮಾತು. 2025ರಲ್ಲಿ ದಕ್ಷಿಣ ಕನ್ನಡ 91.12, ಕಲಬುರಗಿ 42.43. ಪಠ್ಯಪುಸ್ತಕ ಒಂದೇ, ಪ್ರಶ್ನೆಪತ್ರಿಕೆ ಒಂದೇ, ಕ್ಯಾಮೆರಾದ ಕಣ್ಣೂ ಒಂದೇ. ಹಾಗಿದ್ದೂ ಒಂದು ಕಡೆ ಹತ್ತರಲ್ಲಿ ಒಂಬತ್ತು ಮಕ್ಕಳು ಪಾಸು, ಇನ್ನೊಂದು ಕಡೆ ಹತ್ತರಲ್ಲಿ ನಾಲ್ಕು. ಇದಕ್ಕೆ ಮಕ್ಕಳ ಬುದ್ಧಿ ಕಾರಣ ಅಲ್ಲ. ಅವರ ಸುತ್ತ ಇರುವುದು ಕಾರಣ.

ಕೆಪಿಎಸ್ ಅಂದರೆ ಏನು, ಜಗಳ ಎಲ್ಲಿದೆ

ಎಲ್‌ಕೆಜಿಯಿಂದ ದ್ವಿತೀಯ ಪಿಯುಸಿವರೆಗೆ ಒಂದೇ ಆವರಣದಲ್ಲಿ ಕಲಿಸುವ ಸರ್ಕಾರಿ ಶಾಲೆಗೆ ಕರ್ನಾಟಕ ಪಬ್ಲಿಕ್ ಶಾಲೆ ಅಥವಾ ಕೆಪಿಎಸ್ ಎನ್ನುತ್ತಾರೆ. ಕನ್ನಡದ ಜೊತೆ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಇರುತ್ತದೆ. 2025-26ರ ಬಜೆಟ್‌ನಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ 2,500 ಕೋಟಿ ರೂಪಾಯಿ ವೆಚ್ಚದಲ್ಲಿ ಇಂಥ 500 ಹೊಸ ಶಾಲೆ ಮಾಡುವುದಾಗಿ ಸರ್ಕಾರ ಹೇಳಿತು. ಸುತ್ತಲಿನ ಊರಿನ ಮಕ್ಕಳನ್ನು ಸೆಳೆಯುವ ಶಾಲೆ ಎಂಬ ಅರ್ಥದಲ್ಲಿ ‘ಮ್ಯಾಗ್ನೆಟ್ ಶಾಲೆ’ ಎಂಬ ಹೆಸರೂ ಬಂತು.

ಸಣ್ಣ ಶಾಲೆಗಳನ್ನು ಒಟ್ಟು ಸೇರಿಸುವ ಯೋಚನೆ ಹೊಸತಲ್ಲ. 1964-66ರ ಕೊಠಾರಿ ಆಯೋಗ ಶಾಲಾ ಸಂಕೀರ್ಣದ, ಅಂದರೆ ಹತ್ತಿರದ ಶಾಲೆಗಳನ್ನು ಒಂದು ಗುಂಪಾಗಿ ನಡೆಸುವ ಮಾತು ಆಡಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನೇ ಮತ್ತೆ ಎತ್ತಿಕೊಂಡಿತು. 2016-17ರಲ್ಲಿ ದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸುಮಾರು ಶೇ 28ರಲ್ಲಿ 30ಕ್ಕಿಂತ ಕಡಿಮೆ ಮಕ್ಕಳಿದ್ದರು, 1,08,017 ಶಾಲೆಗಳು ಒಬ್ಬರೇ ಶಿಕ್ಷಕರ ಮೇಲೆ ನಡೆಯುತ್ತಿದ್ದವು ಎಂದು ಆ ನೀತಿಯಲ್ಲೇ ಬರೆದಿದೆ. ಇದು ಉಡಾಫೆ ಮಾಡುವ ಸಮಸ್ಯೆ ಅಲ್ಲ.

ಯಾವ ಶಾಲೆಯನ್ನೂ ಮುಚ್ಚುವುದಿಲ್ಲ ಎಂದು ಶಿಕ್ಷಣ ಸಚಿವ ಮಧು ಬಂಗಾರಪ್ಪ ಹೇಳುತ್ತ ಬಂದಿದ್ದಾರೆ. ಎಐಡಿಎಸ್‌ಒದಂಥ ವಿದ್ಯಾರ್ಥಿ ಸಂಘಟನೆಗಳು ಇದು ಸಾವಿರಾರು ಕನ್ನಡ ಶಾಲೆ ಮುಚ್ಚುವ ದಾರಿ ಎನ್ನುತ್ತಿವೆ. ಇಬ್ಬರ ಮಾತಿನ ನಡುವೆ ಪಾಲಕರು ಗಮನಿಸಬೇಕಾದ ಒಂದು ಸಂಗತಿ ಇದೆ. ಶಾಲೆ ಮುಚ್ಚಲು ಆದೇಶವೇ ಬೇಕು ಅಂತಿಲ್ಲ. ಆರೇಳು ಕಿಲೋಮೀಟರ್ ಆಚೆ ಇಂಗ್ಲಿಷ್ ವಿಭಾಗ ಇರುವ, ಎಲ್ಲ ತರಗತಿಗೂ ಶಿಕ್ಷಕರಿರುವ ಶಾಲೆ ಬಂದು, ಅಲ್ಲಿಗೆ ವಾಹನವೂ ಬಂದರೆ ಅನುಕೂಲ ಇದ್ದವರು ಮೊದಲು ಹೋಗುತ್ತಾರೆ. ಊರ ಶಾಲೆಯಲ್ಲಿ ಹದಿನೈದು ಮಕ್ಕಳು ಎಂಟಾಗುತ್ತಾರೆ. ಮಕ್ಕಳು ಕಡಿಮೆಯಾದರೆ ಶಿಕ್ಷಕರ ಹುದ್ದೆ ಹೆಚ್ಚುವರಿ ಎಂದು ಬೇರೆ ಕಡೆ ಹೋಗುತ್ತದೆ. ಶಿಕ್ಷಕರು ಹೋದ ಮೇಲೆ ಉಳಿದ ಎಂಟೂ ಹೋಗುತ್ತಾರೆ. ಕೊನೆಗೆ ಉಳಿಯುವವರು ಹೋಗಲು ದಾರಿ ಇಲ್ಲದವರು. ಮುಚ್ಚುವುದಿಲ್ಲ ಎಂಬ ಭರವಸೆ ನಿಜವೇ ಆಗಿದ್ದರೂ ಈ ಸರಪಳಿ ನಡೆಯುತ್ತದೆ. ಹಾಗಾಗಿ ಶಾಲೆ ಮುಚ್ಚುತ್ತಾರೋ ಇಲ್ಲವೋ ಎಂಬುದಕ್ಕಿಂತ, ಉಳಿದ ಶಾಲೆಯಲ್ಲಿ ಶಿಕ್ಷಕರು ಇರುತ್ತಾರೋ ಇಲ್ಲವೋ ಎಂದು ಕೇಳುವುದು ಒಳ್ಳೆಯದು.

ಹನ್ನೆರಡು ಮಕ್ಕಳ ಶಾಲೆಯ ಲೆಕ್ಕ

ತರಗತಿ ಸಣ್ಣದಿದ್ದರೆ ಕಲಿಕೆ ಚೆನ್ನಾಗಿ ಆಗುತ್ತದೆ ಎಂದು ಹೇಳುವವರು ಅಮೆರಿಕದ ಟೆನೆಸ್ಸಿ ರಾಜ್ಯದ ಪ್ರಯೋಗವನ್ನು ಉದಾಹರಿಸುತ್ತಾರೆ. 1985ರಿಂದ ನಾಲ್ಕು ವರ್ಷ ನಡೆದ ಆ ಪ್ರಯೋಗದಲ್ಲಿ 13ರಿಂದ 17 ಮಕ್ಕಳ ತರಗತಿಯವರು 22ರಿಂದ 25 ಮಕ್ಕಳ ತರಗತಿಯವರಿಗಿಂತ ಮುಂದೆ ಬಂದರು. ಇದು ನಿಜ. ಆದರೆ ಅಲ್ಲಿ ಸಣ್ಣ ತರಗತಿಗೂ ಅದರದೇ ಶಿಕ್ಷಕರಿದ್ದರು, ಮಕ್ಕಳೆಲ್ಲ ಒಂದೇ ತರಗತಿಯವರು.

ನಮ್ಮ ಮಲೆನಾಡಿನ ಹನ್ನೆರಡು ಮಕ್ಕಳ ಶಾಲೆ ಹಾಗಲ್ಲ. ಅಲ್ಲಿ ಒಂದನೇ ತರಗತಿಗೆ ಇಬ್ಬರು, ಎರಡಕ್ಕೆ ಮೂವರು, ಐದಕ್ಕೆ ಒಬ್ಬಳು. ಕಾಗದದ ಮೇಲೆ ಹನ್ನೆರಡು ಮಕ್ಕಳಿಗೆ ಒಬ್ಬರು ಶಿಕ್ಷಕರು, ನೋಡಲು ಚಂದ. ನಿಜದಲ್ಲಿ ಒಬ್ಬರೇ ಶಿಕ್ಷಕರಿಗೆ ಐದು ತರಗತಿ. ಒಂದರಿಂದ ಮೂರನ್ನು ನಲಿ-ಕಲಿಯಲ್ಲಿ ಒಟ್ಟಿಗೆ ಕೂರಿಸಬಹುದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಇಂಥ ಬಹುವರ್ಗದ ಕೋಣೆಗೆಂದೇ ಹುಟ್ಟಿದ್ದು. ಕಾರ್ಡು, ಮೆಟ್ಟಿಲು, ಗುಂಪು ಎಲ್ಲ ಇರುವುದರಿಂದ ಬೇರೆ ಬೇರೆ ಮಟ್ಟದ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಸಾಗುತ್ತಾರೆ. ಆದರೆ ನಾಲ್ಕು, ಐದಕ್ಕೆ ಪುಸ್ತಕ ಹಿಡಿದು ಪಾಠ ಮಾಡಲೇಬೇಕು. ದಿನಕ್ಕೆ ಐದು ಗಂಟೆ ಪಾಠದ ಹೊತ್ತು ಅಂತ ಇಟ್ಟುಕೊಂಡು, ಮೂರು ಗುಂಪಿಗೆ ಹಂಚಿ ನೋಡಿ. ಒಂದೊಂದು ಗುಂಪಿಗೆ ಒಂದು ಗಂಟೆ ನಲವತ್ತು ನಿಮಿಷ. ಉಳಿದ ಹೊತ್ತು ಮಕ್ಕಳು ಬರೆದದ್ದನ್ನೇ ಬರೆಯುತ್ತಾರೆ, ಓದಿದ್ದನ್ನೇ ಓದುತ್ತಾರೆ.

ಅದೂ ಶಿಕ್ಷಕರು ಶಾಲೆಯಲ್ಲಿದ್ದರೆ. ಒಬ್ಬರೇ ಇರುವ ಶಾಲೆಯಲ್ಲಿ ತರಬೇತಿ, ತಾಲ್ಲೂಕು ಕಚೇರಿಯ ಸಭೆ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು, ಚುನಾವಣೆ, ಸಮೀಕ್ಷೆ ಎಲ್ಲ ಅವರ ತಲೆಯ ಮೇಲೆಯೇ. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಬಳಸಿದಾಗ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಅದು ರಾಜ್ಯದ ಎಲ್ಲ ಸರ್ಕಾರಿ, ಅನುದಾನಿತ ಶಾಲೆಗಳಿಗೂ ಬಿದ್ದ ಪೆಟ್ಟು. ಏಕೋಪಾಧ್ಯಾಯ ಶಾಲೆಗೆ ಇಂಥ ಪೆಟ್ಟು ವರ್ಷವಿಡೀ ಚೂರು ಚೂರಾಗಿ ಬೀಳುತ್ತಿರುತ್ತದೆ. ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಅರವತ್ತು ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು ಇರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆದರೆ ದೂರದ ಹುದ್ದೆಗಳು ತುಂಬುವುದೇ ಕಷ್ಟ. ವರ್ಗಾವಣೆಯ ನಿಯಮದಲ್ಲಿ ಎ, ಬಿ, ಸಿ ಎಂದು ವಲಯ ಮಾಡಿದ್ದಾರೆ, ಸಿ ಅಂದರೆ ಅತಿ ದೂರದ್ದು. ಅವಕಾಶ ಸಿಕ್ಕಾಗ ಅಲ್ಲಿಂದ ಹೊರಡುವವರೇ ಜಾಸ್ತಿ. ಅವರನ್ನು ದೂರಿ ಪ್ರಯೋಜನ ಇಲ್ಲ. ಬಾಡಿಗೆಗೆ ಮನೆ ಸಿಗದ, ಮೊಬೈಲ್ ಸಿಗ್ನಲ್ ಇಲ್ಲದ, ದಿನಕ್ಕೆ ಎರಡೇ ಬಸ್ಸು ಬರುವ ಊರಿನಲ್ಲಿ ಸಂಸಾರ ಮಾಡುವುದು ಯಾರಿಗೂ ಸುಲಭ ಅಲ್ಲ. ಅವರ ಜಾಗಕ್ಕೆ ಅತಿಥಿ ಶಿಕ್ಷಕರು ಬರುತ್ತಾರೆ, ವರ್ಷಕ್ಕೊಮ್ಮೆ ಬದಲಾಗುತ್ತಾರೆ.

ಇಷ್ಟು ನೋಡಿದರೆ ವಿಲೀನ ಬೇಕು ಎನ್ನುವವರ ಮಾತಿಗೆ ಗಟ್ಟಿ ಆಧಾರ ಇದೆ ಎಂದು ಒಪ್ಪಬೇಕು. ದೊಡ್ಡ ಶಾಲೆಯಲ್ಲಿ ತರಗತಿಗೊಬ್ಬರು ಶಿಕ್ಷಕರು ಸಿಗುತ್ತಾರೆ. ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ಇರುತ್ತಾರೆ. ಐದನೇ ತರಗತಿಯ ಆ ಒಬ್ಬಳೇ ಹುಡುಗಿಗೆ ಜೊತೆಗೆ ಕೂತು ಲೆಕ್ಕ ಬಿಡಿಸಲು ಗೆಳತಿಯರು ಸಿಗುತ್ತಾರೆ. ಇದು ಸಣ್ಣ ಲಾಭ ಅಲ್ಲ.

ದಾರಿಯಲ್ಲಿ ಕಳೆಯುವ ಹೊತ್ತು

ಈಗ ಇನ್ನೊಂದು ಬದಿಯ ಲೆಕ್ಕ. ಗುಡ್ಡದ ಮೇಲಿನ ಮನೆಯಿಂದ ರಸ್ತೆಗೆ ಇಪ್ಪತ್ತು ನಿಮಿಷ ನಡಿಗೆ, ಬಸ್ಸಿಗೋ ಟೆಂಪೋಗೋ ಇಪ್ಪತ್ತು ನಿಮಿಷ ಕಾಯುವುದು, ಮತ್ತೆ ಇಪ್ಪತ್ತು ನಿಮಿಷ ಪ್ರಯಾಣ. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ಆಗಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯಲ್ಲಿದೆ. ದಿನಕ್ಕೆ ಎರಡು ಗಂಟೆಯಂತೆ 200 ದಿನಕ್ಕೆ 400 ಗಂಟೆ. ಅಂದರೆ ಪಾಠದ ಹೊತ್ತಿನ ಅರ್ಧದಷ್ಟು ಹೊತ್ತು ದಾರಿಯಲ್ಲೇ ಹೋಯಿತು. ಹದಿಮೂರು ವರ್ಷದ ಹುಡುಗ ಇದನ್ನು ತಡೆದುಕೊಳ್ಳಬಹುದು. ಆರು ವರ್ಷದ ಮಗು ಮನೆಗೆ ಬಂದು ಊಟ ಮಾಡುವಾಗಲೇ ತೂಕಡಿಸುತ್ತದೆ. ಓದಿಸುವುದು ಆಮೇಲಿನ ಮಾತು.

ಇದು ಬಿಸಿಲುಕಾಲದ ಲೆಕ್ಕ. ಶಾಲೆ ಶುರುವಾಗುವುದೇ ಮಳೆ ಹಿಡಿಯುವ ಹೊತ್ತಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಜಿಲ್ಲೆಯಲ್ಲಿ ದೂರ ಅನ್ನುವುದು ಕಿಲೋಮೀಟರಿನಲ್ಲಿ ಇರುವುದಿಲ್ಲ, ಹಳ್ಳದಲ್ಲಿ ಇರುತ್ತದೆ. ಊರಿನವರೇ ಅಡಿಕೆ ಮರ ಹಾಸಿ ಕಟ್ಟಿದ ಕಾಲುಸಂಕದ ಮೇಲೆ ನೀರು ಬಂದರೆ ಆ ದಿನ ಶಾಲೆ ಇಲ್ಲ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿಯಿತು, ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಯಿತು. ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೇ ಸೇತುವೆ ಕುಸಿದು ಬಿತ್ತು. ಹೆದ್ದಾರಿಯ ಗತಿಯೇ ಹೀಗಾದರೆ ಒಳಗಿನ ಮಣ್ಣುರಸ್ತೆಯ ಗತಿ ಏನು?

ಮಳೆ ಜೋರಾದಾಗ ಜಿಲ್ಲಾಡಳಿತ ರಜೆ ಕೊಡುತ್ತದೆ, ಅದು ಸರಿಯೇ. ಆದರೆ ರಜೆ ಕೊಡದ ದಿನಗಳಲ್ಲೂ ದೂರದ ಮಗು ಬರುವುದಿಲ್ಲ. ಊರಿನಲ್ಲೇ ಶಾಲೆ ಇದ್ದರೆ ಮಳೆ ಸ್ವಲ್ಪ ಹೊಳವಾದಾಗ ಕೊಡೆ ಹಿಡಿದು ಓಡಿ ಬರಬಹುದು. ಬಸ್ಸಿನ ಮಗುವಿಗೆ ಬೆಳಗಿನ ಬಸ್ಸು ತಪ್ಪಿದರೆ ಇಡೀ ದಿನ ತಪ್ಪಿತು. ಇನ್ನು ಮಳೆ ರಜೆಯ ಪಾಠವನ್ನು ಶನಿವಾರ ಮಧ್ಯಾಹ್ನವೋ ಭಾನುವಾರವೋ ಸರಿದೂಗಿಸುತ್ತಾರೆ. ಆ ಹೊತ್ತಿಗೆ ಬಸ್ಸು ಸಿಗದಿದ್ದರೆ ಆ ಪಾಠವೂ ಪೇಟೆಯ ಹತ್ತಿರದ ಮಕ್ಕಳಿಗೇ ಸಿಗುತ್ತದೆ. ಹೀಗೆ ಒಂದೇ ಮಳೆಯಿಂದ ಒಂದೇ ತರಗತಿಯ ಇಬ್ಬರು ಮಕ್ಕಳ ಕಲಿಕೆಯ ಹೊತ್ತು ಬೇರೆ ಬೇರೆ ಆಗುತ್ತ ಹೋಗುತ್ತದೆ. ಜುಲೈನಲ್ಲಿ ತಪ್ಪಿದ ಭಿನ್ನರಾಶಿ ಪಾಠ ಡಿಸೆಂಬರಿನ ಶೇಕಡಾ ಲೆಕ್ಕದಲ್ಲಿ ಕಾಡುತ್ತದೆ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಹೈಸ್ಕೂಲಿನ ಹುಡುಗಿಯರಿಗೆ ಇದರಿಂದ ಅನುಕೂಲ ಆಗಿದೆ. ಆದರೆ ಉಚಿತ ಟಿಕೆಟ್ ಬೇಕಾದರೂ ಮೊದಲು ಬಸ್ಸು ಊರಿಗೆ ಬರಬೇಕಲ್ವಾ? ವಸ್ತಿ ಬಸ್ಸು ಬೆಳಿಗ್ಗೆ ಒಮ್ಮೆ ಹೋಗಿ ಸಂಜೆ ಒಮ್ಮೆ ಬರುವ ಊರುಗಳೇ ಘಟ್ಟದ ಮೇಲೆ ಹೆಚ್ಚು. ಆ ಬಸ್ಸಿನ ಸಮಯಕ್ಕೂ ಶಾಲೆಯ ಗಂಟೆಗೂ ಹೊಂದಿಕೆ ಆಗಬೇಕು. ಸಂಜೆ ಬಸ್ಸು ಬೇಗ ಹೊರಟರೆ ಮಗು ಕೊನೆಯ ಪಿರಿಯಡ್ ಬಿಟ್ಟು ಓಡುತ್ತದೆ. ತಡವಾಗಿ ಬಂದರೆ ಕತ್ತಲಾಗುತ್ತದೆ. ಮಗಳು ಕತ್ತಲಲ್ಲಿ ಕಾಡಿನ ದಾರಿಯಲ್ಲಿ ನಡೆದು ಬರಬೇಕು ಎಂದಾದಾಗ ತಂದೆ ತಾಯಿ ಏನು ತೀರ್ಮಾನ ಮಾಡುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ.

ಕೋಣೆಯೊಳಗಿನ ಸದ್ದು, ಬೆಳಕು

ಕಟ್ಟಡಕ್ಕೂ ಕಲಿಕೆಗೂ ಸಂಬಂಧ ಇದೆಯೇ? ಇದೆ. ಇಂಗ್ಲೆಂಡಿನ ಸಾಲ್ಫರ್ಡ್ ವಿಶ್ವವಿದ್ಯಾಲಯದವರು 27 ಶಾಲೆಗಳ 153 ತರಗತಿ ಕೋಣೆಗಳನ್ನು, 3,766 ಮಕ್ಕಳ ಪ್ರಗತಿಯನ್ನು ನೋಡಿ 2015ರಲ್ಲಿ ವರದಿ ಕೊಟ್ಟರು. ಮಕ್ಕಳ ಒಂದು ವರ್ಷದ ಪ್ರಗತಿಯಲ್ಲಿ ಕಂಡ ವ್ಯತ್ಯಾಸದಲ್ಲಿ ಶೇ 16ರಷ್ಟಕ್ಕೆ ಕೋಣೆಯ ಗುಣವೇ ಕಾರಣ ಎಂದು ಅವರು ಲೆಕ್ಕ ಹಾಕಿದರು. ಬೆಳಕು, ಗಾಳಿ, ಉಷ್ಣತೆ ಇವೇ ಮುಖ್ಯ. ಅದರಲ್ಲಿ ನಮಗೆ ಬೇಕಾದ ಇನ್ನೊಂದು ಮಾತಿದೆ. ಶಾಲೆ ಎಷ್ಟು ದೊಡ್ಡದು, ಏನೇನು ಸೌಲಭ್ಯ ಇದೆ ಎಂಬುದಕ್ಕಿಂತ ಮಗು ದಿನವಿಡೀ ಕೂರುವ ಆ ಒಂದು ಕೋಣೆ ಹೇಗಿದೆ ಎಂಬುದೇ ಹೆಚ್ಚು ಪರಿಣಾಮ ಬೀರಿತ್ತು.

ಕರಾವಳಿಯಲ್ಲಿ ಇದನ್ನು ಮಳೆಗಾಲದಲ್ಲಿ ಕಿವಿಯಿಂದಲೇ ಅಳೆಯಬಹುದು. ಹಳೇ ಶಾಲೆಗಳದ್ದು ಹಂಚಿನ ಮಾಡು. ದುರಸ್ತಿಗೆಂದು ಹಂಚು ತೆಗೆದು ತಗಡಿನ ಶೀಟು ಹಾಕಿದ ಕಡೆ ಸೋರುವುದು ನಿಂತಿತು, ಸದ್ದು ಶುರುವಾಯಿತು. ತರಗತಿಯ ಹಿನ್ನೆಲೆ ಸದ್ದು 35 ಡೆಸಿಬಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಷಾಢದ ಮಳೆ ತಗಡಿನ ಮೇಲೆ ಸುರಿಯುವಾಗ ಶಿಕ್ಷಕಿ ಕೂಗಿದರೂ ಎರಡನೇ ಸಾಲಿಗೆ ಕೇಳುವುದಿಲ್ಲ. ಇರಚಲು ಬರುತ್ತದೆಂದು ಕಿಟಕಿ ಮುಚ್ಚಿದರೆ ಕತ್ತಲು. ಮರ ಬಿದ್ದು ಕರೆಂಟು ಹೋಗಿದ್ದರೆ ಬೋರ್ಡು ಕಾಣುವುದಿಲ್ಲ. ಒದ್ದೆ ಬಟ್ಟೆಯಲ್ಲಿ ನಡುಗುತ್ತ ಕೂತ ಮಗುವಿಗೆ ಪಾಠ ತಲೆಗೆ ಹೋಗುವುದೂ ಇಲ್ಲ. ಶೀಟಿನ ಕೆಳಗೆ ಒಂದು ಪದರ ಒಳಮಾಡು ಹಾಕಿಸಿ, ಮಾಡಿನ ಅಂಚನ್ನು ಹೊರಗೆ ಚಾಚಿಸಿ, ಒಂದೆರಡು ಗಾಜಿನ ಹಂಚು ಹಾಕಿದರೆ ಅದೇ ಕೋಣೆ ಬೇರೆಯಾಗುತ್ತದೆ. ಇದಕ್ಕೆ ಕೋಟಿ ರೂಪಾಯಿ ಬೇಡ.

ಮನೆಯ ಮಾತು, ಶಾಲೆಯ ಮಾತು

ಈ ಜಿಲ್ಲೆಯ ವಾತಾವರಣದ ಬಗ್ಗೆ ಮಾತಾಡುವಾಗ ಭಾಷೆಯನ್ನು ಬಿಡುವ ಹಾಗೇ ಇಲ್ಲ. ಕಾರವಾರದ ಬಹಳಷ್ಟು ಮನೆಗಳಲ್ಲಿ ಕೊಂಕಣಿ. ಜೋಯಿಡಾದ ಕುಣಬಿಗಳದ್ದು ಅವರದೇ ಕೊಂಕಣಿ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳ ಮನೆಯಲ್ಲಿ ಇನ್ನೊಂದು ಬಗೆಯ ಕೊಂಕಣಿ. ಹಳಿಯಾಳದಲ್ಲಿ ಮರಾಠಿಯೂ ಇದೆ. ಭಟ್ಕಳದಲ್ಲಿ ನವಾಯತಿ, ಉರ್ದು. ಶಿರಸಿ, ಸಿದ್ದಾಪುರದಲ್ಲಿ ಹವಿಗನ್ನಡ. ಅಂಕೋಲಾ, ಕುಮಟಾದ ಹಾಲಕ್ಕಿಗಳ ಕನ್ನಡದ ಧಾಟಿಯೇ ಬೇರೆ.

ಜೋಯಿಡಾದ ಕಾಡಿನ ಊರಿನಿಂದ ಒಂದನೇ ತರಗತಿಗೆ ಬಂದ ಮಗುವಿಗೆ ಪುಸ್ತಕದ ಕನ್ನಡ ಹೊಸ ಭಾಷೆ. ಶಿಕ್ಷಕರು ಬಯಲುಸೀಮೆಯವರಾಗಿದ್ದರೆ ಅವರ ಕನ್ನಡ ಇನ್ನೂ ಹೊಸತು, ಅವರಿಗೂ ಮಗುವಿನ ಮಾತು ತಿಳಿಯದು. ಮಗು ಸುಮ್ನೆ ಕೂರುತ್ತದೆ. ಸುಮ್ಮನಿರುವ ಮಗುವನ್ನು ದಡ್ಡ ಎಂದುಕೊಳ್ಳುವ ಅಪಾಯ ಇದೆ. ಅರ್ಥ ಆಗದ ಭಾಷೆಯಲ್ಲಿ ಕಳೆದ ಗಂಟೆಯನ್ನು ಕಲಿಕೆಯ ಹೊತ್ತು ಎಂದು ಲೆಕ್ಕ ಹಿಡಿಯಲು ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ಅದು ಪೂರ್ತಿ ಇರುತ್ತದೆ.

ಊರಿನ ಸಣ್ಣ ಶಾಲೆಯಲ್ಲಿ ಇದಕ್ಕೆ ಒಂದು ಮದ್ದು ಇರುತ್ತದೆ. ಬಿಸಿಯೂಟ ಮಾಡುವವರು ಅದೇ ಕೇರಿಯವರು, ನಾಲ್ಕನೇ ತರಗತಿಯ ಅಕ್ಕ ಅದೇ ಮನೆಯವಳು. ಮಗುವಿನ ಮಾತನ್ನು ಶಿಕ್ಷಕರಿಗೆ ದಾಟಿಸಲು ಯಾರಾದರೂ ಇರುತ್ತಾರೆ. ನಾಲ್ಕು ಮನೆಮಾತಿನ ಮೂವತ್ತೈದು ಮಕ್ಕಳ ತರಗತಿಯಲ್ಲಿ ಈ ಸಹಾಯ ಸಿಗುವುದು ಕಷ್ಟ. ಅಲ್ಲಿ ಬೇರೆ ಲಾಭ ಇದೆ, ಆಟದ ಬಯಲಿನಲ್ಲಿ ಕನ್ನಡ ಬೇಗ ಬರುತ್ತದೆ. ಆದರೆ ಆ ಲಾಭ ಒಂಬತ್ತು ಹತ್ತು ವರ್ಷದ ಮಗುವಿಗೆ ದಕ್ಕುವಷ್ಟು ಸುಲಭವಾಗಿ ಆರು ವರ್ಷದ, ಹೆದರಿದ ಮಗುವಿಗೆ ದಕ್ಕುವುದಿಲ್ಲ. ಅದರ ಮೇಲೆ ಮೊದಲ ದಿನದಿಂದಲೇ ಇಂಗ್ಲಿಷ್ ಮಾಧ್ಯಮ ಎಂದರೆ ಮಗು ಒಂದೇ ಹೆಜ್ಜೆಗೆ ಎರಡು ಮೆಟ್ಟಿಲು ಹತ್ತಬೇಕು. ಪಾಲಕರಿಗೆ ಇಂಗ್ಲಿಷ್ ಬೇಕು ಅನಿಸುವುದು ತಪ್ಪಲ್ಲ. ಅದು ಯಾವ ವಯಸ್ಸಿನಲ್ಲಿ, ಯಾವ ಭಾಷೆಯ ಆಸರೆಯಲ್ಲಿ ಬರಬೇಕು ಎಂಬ ಪ್ರಶ್ನೆ ಉಳಿಯುತ್ತದೆ.

ಮನೆ ಅನ್ನುವ ಇನ್ನೊಂದು ಶಾಲೆ

1966ರಲ್ಲಿ ಅಮೆರಿಕದಲ್ಲಿ ಜೇಮ್ಸ್ ಕೋಲ್‌ಮನ್ ಎಂಬ ಸಮಾಜಶಾಸ್ತ್ರಜ್ಞರ ವರದಿ ಬಂದಾಗ ಜನ ಬೆಚ್ಚಿದ್ದರು. ಮಕ್ಕಳ ಅಂಕದ ವ್ಯತ್ಯಾಸಕ್ಕೆ ಶಾಲೆಯ ಸೌಲಭ್ಯಕ್ಕಿಂತ ಮನೆಯ ಹಿನ್ನೆಲೆಯೇ ಹೆಚ್ಚು ಕಾರಣ ಎಂದು ಅದರಲ್ಲಿತ್ತು. ಕರಾವಳಿಯ ಒಳ್ಳೆಯ ಫಲಿತಾಂಶದ ಹಿಂದೆಯೂ ಇದು ಇದೆ. 2011ರ ಜನಗಣತಿಯಲ್ಲಿ ಉತ್ತರ ಕನ್ನಡದ ಮಹಿಳೆಯರ ಸಾಕ್ಷರತೆ ಶೇ 78 ದಾಟಿತ್ತು, ರಾಜ್ಯದ್ದು 68. ಇದು ಒಂದು ದಿನದಲ್ಲಿ ಆದದ್ದಲ್ಲ. 1953ರಲ್ಲಿ ದಿನಕರ ದೇಸಾಯಿ ಅವರು ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಯ ಬಡಮಕ್ಕಳ ಹತ್ತಿರಕ್ಕೆ ಹೈಸ್ಕೂಲು ತಂದರು. ಅಂಥ ಶಾಲೆಗಳಲ್ಲಿ ಓದಿದವರ ಮಕ್ಕಳು, ಮೊಮ್ಮಕ್ಕಳು ಇಂದು ಪರೀಕ್ಷೆ ಬರೆಯುತ್ತಿದ್ದಾರೆ. ಓದಿದ ತಾಯಿ ಇದ್ದ ಮನೆಯಲ್ಲಿ ಸಂಜೆ ಪುಸ್ತಕ ತೆರೆಯುತ್ತದೆ. 2025ರ ಶೇ 83ರಲ್ಲಿ ಎಪ್ಪತ್ತು ವರ್ಷದ ಹಿಂದಿನ ಶಾಲೆಗಳ ಪಾಲೂ ಇದೆ.

ಮೀನುಗಾರರ ಮನೆಯ ವರ್ಷದ ಲೆಕ್ಕ ಬೇರೆಯೇ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಮೀನುಗಾರಿಕೆ ನಿಷೇಧ. ಶಾಲೆ ತೆರೆಯುವ, ನೋಟ್‌ಬುಕ್ಕು, ಕೊಡೆ, ರೇನ್‌ಕೋಟು ಕೊಳ್ಳಬೇಕಾದ ತಿಂಗಳಿನಲ್ಲೇ ಬೋಟಿನ ಕೆಲಸಗಾರನ ಆದಾಯ ನಿಲ್ಲುತ್ತದೆ. ಆ ಎರಡು ತಿಂಗಳು ಶಾಲೆಯ ಬಿಸಿಯೂಟ, ಹಾಲು, ಮೊಟ್ಟೆಗೆ ಇರುವ ಬೆಲೆ ಬೇರೆ. ಶಾಲೆಗೆ ಹೋಗಲಾಗದ ದಿನ ಪಾಠ ಮಾತ್ರ ತಪ್ಪುವುದಿಲ್ಲ, ಊಟವೂ ತಪ್ಪುತ್ತದೆ. ಘಟ್ಟದ ಮೇಲೆ ಅಡಿಕೆ ಕೊಯ್ಲಿನ ಹೊತ್ತಿಗೆ ಕೂಲಿಗೆ ಹೋಗುವ ಮನೆಗಳಲ್ಲಿ ದೊಡ್ಡ ಮಗು ಚಿಕ್ಕದನ್ನು ನೋಡಿಕೊಳ್ಳಲು ಉಳಿಯುತ್ತದೆ. ಶಾಲೆಯ ಪಕ್ಕದಲ್ಲೇ ಅಂಗನವಾಡಿ ಇದ್ದರೆ ತಮ್ಮನನ್ನು ಅಲ್ಲಿ ಬಿಟ್ಟು ಅಕ್ಕ ಶಾಲೆಗೆ ಹೋಗಬಹುದು. ಶಾಲೆ ಆರು ಕಿಲೋಮೀಟರ್ ಆಚೆ ಇದ್ದರೆ ಅಕ್ಕ ಮನೆಯಲ್ಲೇ.

ಮುಂದೆ ಏನಾಗಬಹುದು

ಒಂದೇ ನಿಯಮವನ್ನು ಇಡೀ ರಾಜ್ಯಕ್ಕೆ ಹಾಕಿದರೆ ಉತ್ತರ ಕನ್ನಡದಲ್ಲಿ ಎರಡು ಬಗೆಯ ಫಲ ಕಾಣಬಹುದು. ಕಾರವಾರ, ಕುಮಟಾ, ಶಿರಸಿ ಪೇಟೆಯ ಸುತ್ತ ಎರಡು ಮೂರು ಕಿಲೋಮೀಟರಿನೊಳಗೆ, ಡಾಂಬರು ರಸ್ತೆ ಇರುವ ಕಡೆ, ಶಾಲೆಗಳು ಸೇರಿದರೆ ಮಕ್ಕಳಿಗೆ ಕಲಿಕೆಯ ಹೊತ್ತು ಹೆಚ್ಚುತ್ತದೆ. ಅಲ್ಲಿ ವಿರೋಧ ಮಾಡಲು ಹೆಚ್ಚಿನ ಕಾರಣ ಇಲ್ಲ. ಜೋಯಿಡಾ, ಯಲ್ಲಾಪುರ, ಸಿದ್ದಾಪುರದ ಒಳಗಿನ ಊರುಗಳಲ್ಲಿ, ಅಂಕೋಲಾ, ಕುಮಟಾದ ಗುಡ್ಡದ ಮೇಲಿನ ಊರುಗಳಲ್ಲಿ ಅದೇ ಕೆಲಸ ಮಾಡಿದರೆ ಹೊತ್ತು ಕಡಿಮೆಯಾಗುತ್ತದೆ. ಮೊದಲ ವರ್ಷ ಹಾಜರಿ ಇಳಿಯುತ್ತದೆ. ಆಮೇಲೆ ಕೈಲಾದವರು ಶಿರಸಿಯಲ್ಲೋ ದಾಂಡೇಲಿಯಲ್ಲೋ ಬಾಡಿಗೆ ಮನೆ ಮಾಡುತ್ತಾರೆ, ಇಲ್ಲವೇ ಮಕ್ಕಳನ್ನು ಹಾಸ್ಟೆಲಿಗೆ, ನೆಂಟರ ಮನೆಗೆ ಕಳಿಸುತ್ತಾರೆ. ಈಗಾಗಲೇ ವಯಸ್ಸಾದವರೇ ಉಳಿದಿರುವ ಊರುಗಳು ಇನ್ನಷ್ಟು ಖಾಲಿಯಾಗುತ್ತವೆ. ಕೈಲಾಗದವರ ಹೆಣ್ಣುಮಕ್ಕಳ ಓದು ಐದಕ್ಕೋ ಏಳಕ್ಕೋ ನಿಲ್ಲುತ್ತದೆ. ಹಾಗೆ ನಿಂತದ್ದು ಎಸ್‌ಎಸ್‌ಎಲ್‌ಸಿ ಶೇಕಡಾವಾರಿನಲ್ಲಿ ಕಾಣುವುದೂ ಇಲ್ಲ. ಜಿಲ್ಲೆ ಮೂರನೇ ಸ್ಥಾನದಲ್ಲೇ ಇರಬಹುದು.

ವಯಸ್ಸನ್ನು ನೋಡಿ ಭಾಗ ಮಾಡುವುದು ನನಗೆ ಸರಿ ಕಾಣುವ ದಾರಿ. ಒಂದರಿಂದ ಮೂರನೇ ತರಗತಿ, ಅಂಗನವಾಡಿಯ ಜೊತೆಗೆ, ಎಷ್ಟೇ ಕಡಿಮೆ ಮಕ್ಕಳಿದ್ದರೂ ಊರಲ್ಲೇ ಇರಲಿ. ನಲಿ-ಕಲಿ ಇರುವುದೇ ಅದಕ್ಕೆ. ಒಬ್ಬರೇ ಶಿಕ್ಷಕರಾದರೂ ಒಂದೇ ಗುಂಪು ಆಗುವುದರಿಂದ ಮಕ್ಕಳಿಗೆ ಪೂರ್ತಿ ಹೊತ್ತು ಸಿಗುತ್ತದೆ, ಸಭೆ ತರಬೇತಿಗೆ ಅವರು ಹೋದ ದಿನ ಹತ್ತಿರದ ದೊಡ್ಡ ಶಾಲೆಯಿಂದ ಒಬ್ಬರು ಬರುವ ವ್ಯವಸ್ಥೆ ಬೇಕು. ನಾಲ್ಕು ಅಥವಾ ಐದರಿಂದ ಮೇಲಿನವರಿಗೆ ದೊಡ್ಡ ಶಾಲೆ, ಅದಕ್ಕೆ ಇಲಾಖೆಯದೇ ವಾಹನ. ವಾಹನ ಮೊದಲು ಬರಬೇಕು, ಒಂದು ಪೂರ್ತಿ ಮಳೆಗಾಲ ಓಡಿ ತೋರಿಸಬೇಕು, ಆಮೇಲೆ ಮಕ್ಕಳನ್ನು ಕಳಿಸುವ ಮಾತು. ಈ ಕ್ರಮ ತಿರುಗುಮುರುಗಾದರೆ ನಷ್ಟ ಆಗುವುದು ಒಂದು ತಂಡದ ಮಕ್ಕಳ ಇಡೀ ವರ್ಷ. ಆ ವರ್ಷವನ್ನು ಯಾರೂ ಹಿಂದಕ್ಕೆ ಕೊಡಲು ಆಗುವುದಿಲ್ಲ.

ಇದಕ್ಕೆ ಹೊಸ ಕಾನೂನೂ ಬೇಡ. ಐದನೇ ತರಗತಿವರೆಗೆ ಒಂದು ಕಿಲೋಮೀಟರ್, ಎಂಟರವರೆಗೆ ಮೂರು ಕಿಲೋಮೀಟರಿನೊಳಗೆ ಶಾಲೆ ಇರಬೇಕು ಎಂಬುದು ಶಿಕ್ಷಣ ಹಕ್ಕಿನ ನಿಯಮ. ಕೇಂದ್ರದ 2010ರ ನಿಯಮಗಳಲ್ಲಿ ಆರನೆಯದು ಇನ್ನೂ ಮುಂದೆ ಹೋಗುತ್ತದೆ. ದುರ್ಗಮ ಜಾಗ, ಗುಡ್ಡ ಕುಸಿಯುವ ಭಯ, ನೆರೆ, ರಸ್ತೆ ಇಲ್ಲದಿರುವುದು, ಇಂಥ ಕಡೆ ಈ ದೂರವನ್ನೂ ಕಡಿಮೆ ಮಾಡಿ, ಮಕ್ಕಳಿಗೆ ಅಪಾಯ ಆಗದ ಜಾಗದಲ್ಲಿ ಶಾಲೆ ಇಡಬೇಕು ಎಂದು ಅದರಲ್ಲಿ ಬರೆದಿದೆ. ಈ ಜಿಲ್ಲೆಗೆಂದೇ ಬರೆದ ಹಾಗಿದೆ.

ಊರಿನ ಎಸ್‌ಡಿಎಂಸಿ (ಪಾಲಕರೇ ಇರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ವಿಲೀನದ ಪ್ರಸ್ತಾಪ ಬಂದರೆ ಪಾಲಕರು ಕೇಳಬೇಕಾದ್ದೂ ಇದನ್ನೇ: ದೂರವನ್ನು ಯಾವ ತಿಂಗಳಲ್ಲಿ ಅಳೆದಿರಿ? ಶಾಲೆಗಳ ಮಾಹಿತಿ ಸಂಗ್ರಹದ ನಮೂನೆಯಲ್ಲಿ ಶಾಲೆಗೆ ಸರ್ವಋತು ರಸ್ತೆ ಇದೆಯೇ ಎಂಬ ಪ್ರಶ್ನೆ ಇದೆ. ಅದು ಶಾಲೆಯ ಬಾಗಿಲಿನವರೆಗಿನ ರಸ್ತೆಯ ಮಾತು. ಮಗುವಿನ ಮನೆಯಿಂದ ಆ ರಸ್ತೆಗೆ ಬರುವ ನಡುವೆ ಎಷ್ಟು ಹಳ್ಳ ಇವೆ, ಯಾವ ಹಳ್ಳಕ್ಕೆ ಕಾಲುಸಂಕ ಇದೆ, ಜುಲೈನಲ್ಲಿ ಅದು ಎಷ್ಟು ದಿನ ನೀರಿನಡಿ ಇರುತ್ತದೆ ಎಂಬುದನ್ನು ಊರಿನವರೇ ಒಂದು ಹಾಳೆಯಲ್ಲಿ ಬರೆದು ಠರಾವಿನ ಜೊತೆ ಲಗತ್ತಿಸಬಹುದು.